ಎಲ್ಲಮ್ಮ ಆರಿಸಿದ ದೋಣಿ

ದೇಶನೂರಿನ ಜಡೆಪ್ಪ ಹೊಳೆಯಲ್ಲಿ ಬಲೆ ಬಿಡುವಾಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹರಿಗೋಲಿನಲ್ಲಿ ಅವನೆದುರು ಕೂತು ಹುಟ್ಟು ಹಾಕುತ್ತಿದ್ದವಳು ಹೆಂಡತಿ ಎಲ್ಲಮ್ಮ. ಅವನ ಎಡಭುಜ ಒಂದಿಷ್ಟು ಇಳಿದರೆ ಸಾಕು, ಅವಳು ಹರಿಗೋಲನ್ನು ಎಡಕ್ಕೆ ಹೊರಳಿಸುತ್ತಿದ್ದಳು. ಅವರ ಜನರಲ್ಲಿ ಬಲೆ ಗಂಡನದು, ಹುಟ್ಟು ಹೆಂಡತಿಯದು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ಮನೆಯಲ್ಲಿ ಇಬ್ಬರೂ ಹಾವು ಮುಂಗುಸಿಯ ಹಾಗೆ ಕಿತ್ತಾಡಿದ ದಿನವೂ ನೀರಿನ ಮೇಲೆ ಒಂದು ತಿರುವು ತಪ್ಪಿದ್ದಿಲ್ಲ.

ಹೋದ ದೀಪಾವಳಿಯ ಮರುದಿನ ಎಲ್ಲಮ್ಮನಿಗೆ ಲಕ್ವ ಹೊಡೆಯಿತು. ಬಳ್ಳಾರಿಯ ಆಸ್ಪತ್ರೆಯವರು ಜೀವ ಉಳಿಸಿದರು, ನಿಜ. ಆದರೆ ಬಲಗೈ ಜೋತುಬಿತ್ತು, ಬಲಗಾಲು ಎಳೆಯತೊಡಗಿತು. ಜಡೆಪ್ಪ ತನ್ನ ತಮ್ಮ ಶರಣನನ್ನು ಹುಟ್ಟಿಗೆ ಕೂರಿಸಿಕೊಂಡು ನೋಡಿದ. ಶರಣ ಒಳ್ಳೆಯವನೇ, ಪಾಪ. ಆದರೆ ತಿರುವು ತಿರುವಿಗೂ “ಎತ್ತಾಗಣ್ಣಾ?” ಎಂದು ಕೂಗುವವನು. ಇದ್ದ ಮೀನೂ ಓಡಿಹೋಗುತ್ತಿತ್ತು. ನಾಲ್ಕನೆಯ ದಿನ ಜಡೆಪ್ಪ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿದ. ಆಮೇಲೆ ಆರು ತಿಂಗಳು ಗಂಡ ಹೆಂಡತಿ ಮನೆಯಲ್ಲೇ ಕೂತರು, ಮಾತಿಲ್ಲ ಕತೆಯಿಲ್ಲ.

ಹೀಗಿರುವಾಗ ಸಿರುಗುಪ್ಪದ ಮೀನುಗಾರರ ಸಂಘದಲ್ಲಿ ಯಾರೋ ಪೆಡಲ್ ಕಯಾಕಿನ ವಿಡಿಯೊ ತೋರಿಸಿದರು. ಸೈಕಲ್ಲಿನಂತೆ ತುಳಿದರೆ ತಳದ ರೆಕ್ಕೆಗಳು ನೀರು ತಳ್ಳಿ ದೋಣಿ ಹೋಗುತ್ತದೆ. ಒಬ್ಬನೇ ಬಲೆ ಬಿಡಬಹುದು, ಎರಡೂ ಕೈ ಖಾಲಿ ಎಂದು ಎಲ್ಲರೂ ಹಿಗ್ಗಿದರು. ಜಡೆಪ್ಪನ ತಲೆಗೆ ಹೊಳೆದದ್ದೇ ಬೇರೆ. ಹುಟ್ಟು ಹಾಕಲು ಕೈಯೇ ಬೇಡವೆಂದ ಮೇಲೆ ಎಲ್ಲಮ್ಮ ಮತ್ತೆ ನೀರಿಗೆ ಬರಬಹುದಲ್ಲ! ಸಂಘದಿಂದಲೇ ಕೊಡಿಸುತ್ತೇವೆ, ಯಾವುದು ಬೇಕೋ ನೋಡಿ ಬಾ ಎಂದದ್ದೇ ತಡ, ಹೆಂಡತಿಯನ್ನು ಹೊರಡಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದ. ಕುರುಗೋಡು ದಾಟುವವರೆಗೂ ಅವನದೇ ಮಾತು. ಎಲ್ಲಮ್ಮ ಹೂಂಗುಟ್ಟುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ಬಳ್ಳಾರಿಯ ದೋಣಿ ಅಂಗಡಿಯ ಮಧುಸೂದನ ಎರಡು ದೋಣಿ ತೋರಿಸಿದ, ಒಂದು ಸೀಟಿನದು ಮತ್ತು ಎರಡು ಸೀಟಿನದು.

“ಎರಡರದೇ ಕೊಡ್ರಿ,” ಎಂದ ಜಡೆಪ್ಪ, ಮುಟ್ಟಿಯೂ ನೋಡದೆ.

ಎಲ್ಲಮ್ಮ ಅಷ್ಟು ಸುಲಭಕ್ಕೆ ಒಪ್ಪುವ ಹೆಂಗಸಲ್ಲ. “ಜೊಂಡು ಸಿಕ್ಕೊಂಡ್ರ ಏನ್ ಮಾಡಬೇಕ್ರಿ? ಬ್ಯಾಸಿಗ್ಯಾಗ ಬಂಡಿಗಲ್ಲಿನ ಮ್ಯಾಲ ಮೊಣಕಾಲುದ್ದ ನೀರಿರತೈತಿ. ಕೆಳಗಿನ ರೆಕ್ಕಿ ತಾಗಂಗಿಲ್ಲೇನು?”

“ಇದನ್ನ ಹಿಂಗ ಮ್ಯಾಲಕ್ಕೆತ್ತಿ ಇಟ್ಕೋಬೋದಮ್ಮ,” ಎಂದ ಮಧುಸೂದನ. ಇಂಥ ಪ್ರಶ್ನೆ ಅವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ಒಮ್ಮಿ ಕುಂಡ್ರಸ್ರಿ ನನ್ನ.”

ಇಬ್ಬರೂ ಹಿಡಿದು ಅವಳನ್ನು ಎರಡು ಸೀಟಿನದರಲ್ಲಿ ಕೂರಿಸಿದರು. ಎಡಗಾಲು ತುಳಿಯಿತು. ಬಲಗಾಲು ಪೆಡಲಿನಿಂದ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಜಡೆಪ್ಪ ಹೆಗಲ ಟವೆಲು ತೆಗೆದು ಆ ಪಾದವನ್ನು ಪೆಡಲಿಗೆ ಬಿಗಿಯಾಗಿ ಕಟ್ಟಿದ. ಈಗ ಎರಡೂ ತಿರುಗಿದವು. ಎಲ್ಲಮ್ಮನ ಮುಖ ಅರಳಿತು. ಆ ನಗು ನೋಡಿ ಆರು ತಿಂಗಳಾಗಿತ್ತು.

“ಹೆಂಗೈತಿ!” ಎಂದು ಜಡೆಪ್ಪ ಅಂಗಡಿಯವನತ್ತ ನೋಡಿದ, ದೋಣಿಯನ್ನು ತಾನೇ ಮಾಡಿದವನ ಹಾಗೆ.

ಎಲ್ಲಮ್ಮ ತುಳಿಯುವುದನ್ನು ನಿಲ್ಲಿಸಿದಳು. “ದೋಣಿ ಮಗುಚಿದ್ರ ಈ ಗಂಟು ಬಿಚ್ಚೋರು ಯಾರ್ರಿ?”

“ನಾ ಇರತೀನಲ್ಲಲೇ.”

“ಅದನ್ನೇ ಹೇಳಾಕತ್ತೀನಿ. ಬಿಚ್ಚಾಕಂತ ಮುಳುಗತೀರಿ. ಗಂಟು ಬಿಚ್ಚಲಿಲ್ಲಂದ್ರ ನನ್ನ ಬಿಟ್ಟು ಮ್ಯಾಲ ಬರಂಗಿಲ್ಲ. ನಿಮ್ಮನ್ನ ನಾ ನೋಡಿಲ್ಲೇನು?”

ಮಧುಸೂದನ ಲೈಫ್ ಜಾಕೆಟ್ಟೊಂದನ್ನು ತೋರಿಸಲು ತೆಗೆದವನು, ಇಬ್ಬರ ಮುಖ ನೋಡಿ ಮತ್ತೆ ಮೊಳೆಗೆ ತೂಗುಹಾಕಿದ.

ಜಡೆಪ್ಪ ಮೊಣಕಾಲೂರಿ ಕೂತು ಟವೆಲಿಗೆ ಕೈ ಹಾಕಿದ. ನೆನೆದ ಬಲೆಯ ಎಂಥ ಸಿಕ್ಕನ್ನೂ ಕಣ್ಮುಚ್ಚಿ ಬಿಡಿಸುವ ಬೆರಳುಗಳಿಗೆ ಅದೊಂದು ಗಂಟು ಬಗ್ಗಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅವನು ಅತ್ತ. ಇನ್ನು ಅವಳಿಲ್ಲದೆ ನೀರಿಗಿಳಿಯಬೇಕಲ್ಲ! ಎಲ್ಲಮ್ಮ ಎಡಗೈಯನ್ನು ಅವನ ತಲೆಯ ಮೇಲಿಟ್ಟಳು. ಗಂಟು ಬಿಚ್ಚುವವರೆಗೂ ತೆಗೆಯಲಿಲ್ಲ.

“ಒಂದು ಸೀಟಿಂದು ಕೊಡ್ರಿ,” ಎಂದಳು ಆಮೇಲೆ.

“ಯಾವ ಬಣ್ಣ ಅಮ್ಮಾ? ಹಸಿರು ತಗೋರಿ, ಮೀನು ಬೆದರಂಗಿಲ್ಲ.”

“ಹಸಿರೇ ಇರ್ಲಿ,” ಎಂದ ಜಡೆಪ್ಪ, ಕಣ್ಣೊರೆಸಿಕೊಳ್ಳುತ್ತ.

“ಬ್ಯಾಡ. ಆ ಕಿತ್ತಳಿ ಬಣ್ಣದ್ದು ಕೊಡ್ರಿ,” ಎಂದಳು ಎಲ್ಲಮ್ಮ. “ದಂಡ್ಯಾಗ ಕುಂತ್ರ ನನಗ ಕಾಣಬೇಕು.”