ಮೂರು ಬಣ್ಣದ ವೈರು

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯ ವಾಸನೆ ಎಂದರೆ ನನಗೆ ನನ್ನ ಅಪ್ಪ. ಜಯನಗರದ ಮನೆಯ ಜಗಲಿಯಲ್ಲಿ ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರೆ, ನಾನು ಪಕ್ಕದಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಮೊನ್ನೆ ಅದೇ ವಾಸನೆ ಬನಶಂಕರಿಯ ನಮ್ಮ ಹಾಲಿನಲ್ಲಿ ಎದ್ದಿತು.

ಈ ಬೇಸಿಗೆಯಲ್ಲಿ ನಮ್ಮ ಯಜಮಾನರು ನಂದಕುಮಾರ್ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಮಾತು, ಕಾಲು ಉಳಿದವು. ಅಂದಿನಿಂದ ಅವರು ಯಾರ ಕೈಗೂ ಏನನ್ನೂ ಕೊಟ್ಟಿರಲಿಲ್ಲ. ಎಡಗೈಯಲ್ಲಿ ಕೊಡುವುದು ಅಮರ್ಯಾದೆ ಎಂದು ಅವರ ಮನಸ್ಸು ಒಪ್ಪದು. ಪಕ್ಕದ ಮನೆಯ ಮಗುವಿಗೆ ಬಾಳೆಹಣ್ಣು ಕೊಡಬೇಕಾದರೂ ಮೇಜಿನ ಮೇಲಿಟ್ಟು, ತಗೋ ಎಂದು ಕಣ್ಣಲ್ಲೇ ಹೇಳುತ್ತಿದ್ದರು.

ಕೈ ಬರುವುದಿದ್ದರೆ ಈ ಮೊದಲ ತಿಂಗಳುಗಳಲ್ಲೇ ಬರಬೇಕು, ಅಭ್ಯಾಸ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿ ನನ್ನ ತಂಗಿಯ ಮಗಳು ರಾಜಶ್ರೀ ತನ್ನ ಹಳೆಯ ಗೇಮ್ ಕನ್ಸೋಲ್ ತಂದು ಟಿವಿಗೆ ಜೋಡಿಸಿದಳು. ಕೋಲಿನಂಥದ್ದೊಂದನ್ನು ಹಿಡಿದು ಕೈ ಬೀಸಿದರೆ ಪರದೆಯ ಮೇಲೆ ಚೆಂಡು ಉರುಳಿ ಹತ್ತು ಗೂಟಗಳನ್ನು ಬೀಳಿಸುವ ಆಟ. ಮೊದಲು ಕೋಲನ್ನು ಅವರ ಕೈಗೆ ಬಟ್ಟೆಯಿಂದ ಕಟ್ಟಬೇಕಾಗಿತ್ತು. ನವರಾತ್ರಿ ಬರುವ ಹೊತ್ತಿಗೆ ತಾವೇ ಹಿಡಿದು ಏಳು ಗೂಟ ಬೀಳಿಸುತ್ತಿದ್ದರು.

ಆಯುಧಪೂಜೆಯ ಮಾರನೆಯ ದಿನ ಟಿವಿಯಲ್ಲಿ ಚಿತ್ರವೇ ಬರಲಿಲ್ಲ. ಫೋನಿನಲ್ಲಿ ರಾಜಶ್ರೀ, ಎಚ್‌ಡಿಎಂಐ ಕೇಬಲ್ ಹೋಗಿರಬೇಕು, ಪೆಟ್ಟಿಗೆಯಲ್ಲಿ ಹಳದಿ, ಕೆಂಪು, ಬಿಳಿ ಮೂತಿಯ ಹಳೇ ವೈರಿದೆ, ಅದನ್ನು ಹಾಕಿ ದೊಡ್ಡಮ್ಮ ಎಂದಳು. ನಮ್ಮ ಹೊಸ ಟಿವಿಯಲ್ಲಿ ಆ ಮೂರು ತೂತುಗಳೇ ಇರಲಿಲ್ಲ. ಅಂಗಡಿಯವನು ಮಧ್ಯೆ ಹಾಕಲು ಒಂದು ಪುಟ್ಟ ಡಬ್ಬಿ ಕೊಟ್ಟ. ಚಿತ್ರ ಬಂತು, ಸೊಳ್ಳೆಪರದೆಯ ಆಚೆಯಿಂದ ನೋಡಿದಷ್ಟು ಮಂಕಾಗಿ. ನನಗೆ ಅಷ್ಟೇ ಗೊತ್ತಾಗಿದ್ದು.

ಅವರ ಆಟ ಮಾತ್ರ ಕೆಟ್ಟಿತು. ಏಳು ಮೂರಾಯಿತು, ಆಮೇಲೆ ಚೆಂಡು ಬರೀ ಪಕ್ಕಕ್ಕೇ ಹೋಯಿತು. ಐದನೆಯ ದಿನ ಕೋಲನ್ನು ಕೆಳಗಿಟ್ಟರು.

"ಸಾಕು ಬಿಡು ಮಂಗಳಾ. ನಾನು ಹೇಳಿದ್ದು ಕೈಗೆ ತಡವಾಗಿ ಕೇಳ್ತಿದೆ. ಹಿಂದಕ್ಕೆ ಹೋಗ್ತಿದೆ ಅದು."

ಹಿಸುಕುವ ರಬ್ಬರ್ ಚೆಂಡನ್ನೂ ಆಮೇಲೆ ಮುಟ್ಟಲಿಲ್ಲ. ಹತ್ತು ದಿನ ಹೀಗೇ ಕಳೆಯಿತು. ಚಿತ್ರದ ಮಂಕು ಹೋದರೆ ಮತ್ತೆ ಮನಸ್ಸು ಮಾಡಿಯಾರು ಎಂದು ನಾನು ತಿಪ್ಪಣ್ಣನನ್ನು ಕರೆಸಿದೆ. ಕೊಪ್ಪಳದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಮನೆಮನೆಗೆ ಹೋಗಿ ಟಿವಿ ರಿಪೇರಿ ಮಾಡುತ್ತಾನೆ.

ಚಪ್ಪಲಿ ಬಿಟ್ಟು ಒಳಗೆ ಬಂದವನು ಮೊದಲು ನಮ್ಮ ಯಜಮಾನರ ಪಕ್ಕ ಕೂತು, ಏನಾಯಿತೆಂದು ಇವರನ್ನೇ ಕೇಳಿದ. ತಿಂಗಳುಗಳಿಂದ ಬಂದವರೆಲ್ಲ ಇವರ ಸಂಗತಿಯನ್ನು ನನ್ನನ್ನು ಕೇಳುತ್ತಿದ್ದರು. ಕೈ ತಡವಾಗಿದೆ ಎಂದರು ಇವರು. ತಿಪ್ಪಣ್ಣ ಕೋಲನ್ನು ತಾನೇ ಬೀಸಿ ನೋಡಿದ. ಮತ್ತೆ ಬೀಸಿದ. ಫೋನನ್ನು ಮೇಜಿನ ಮೇಲೆ ಒರಗಿಸಿ, ತನ್ನ ಕೈ ಮತ್ತು ಪರದೆ ಎರಡೂ ಕಾಣುವಂತೆ ವಿಡಿಯೋ ತೆಗೆದ. ಹೋಗಿದೆ ಎಂದುಕೊಂಡಿದ್ದ ಕೇಬಲನ್ನು ಪರೀಕ್ಷಿಸಿದ, ಅದು ಚೆನ್ನಾಗಿಯೇ ಇತ್ತು. ಆಮೇಲೆ ಕನ್ಸೋಲ್ ಬಿಚ್ಚಿ, ಎಚ್‌ಡಿಎಂಐ ಸಿಗಿಸುವ ತೂತಿನೊಳಗೆ ಟಾರ್ಚ್ ಬಿಟ್ಟು, ಒಮ್ಮೆ ನನ್ನತ್ತ ನೋಡಿದ. ಹತ್ತಿ ಕೇಳಿದ. ಕೊಟ್ಟ ಹತ್ತಿ ಕೆಂಪಾಗಿ ಹೊರಗೆ ಬಂತು.

ಆ ಕೆಂಪು ಯಾವುದೆಂದು ನನಗೆ ಗೊತ್ತಿತ್ತು. ಪೂಜೆಯ ದಿನ ಮಿಕ್ಸಿಗೆ, ಫ್ರಿಜ್ಜಿಗೆ ಒಂದೊಂದು ಬೊಟ್ಟಿಟ್ಟವಳು ಈ ಕನ್ಸೋಲಿಗೆ ಮಾತ್ರ ಕುಂಕುಮವನ್ನು ನೀರಾಗಿ ಕಲಸಿ, ವೈರು ಹೋಗುವಲ್ಲೇ ಶಕ್ತಿ ಇರುವುದೆಂದು ಹಿಂದುಗಡೆ ಧಾರಾಳವಾಗಿ ಹಚ್ಚಿದ್ದೆ. ಅವರ ಕೈಗಾಗಿ.

ತಿಪ್ಪಣ್ಣ ಹತ್ತಿಯನ್ನು ಕಾಗದದಲ್ಲಿ ಮಡಿಸಿ ಜೇಬಿಗಿಟ್ಟುಕೊಂಡು, "ಧೂಳ ಕುಂತಿತ್ರಿ" ಎಂದ. ಬಿಟ್ಟುಕೊಂಡಿದ್ದ ಒಂದು ಬೆಸುಗೆಯನ್ನು ಹಾಕಿದ. ರಾಳದ ಹೊಗೆ ಎದ್ದಿತು. ಆ ವಾಸನೆಗೆ ಅಪ್ಪನ ಮುಂದೆ ಕೂತಂತಾಗಿ ನನಗೆ ಸುಳ್ಳು ಉಳಿಸಿಕೊಳ್ಳಲಾಗಲಿಲ್ಲ.

"ಧೂಳಲ್ಲ ಕಣ್ರೀ, ಕುಂಕುಮ. ನಾನೇ ಹಚ್ಚಿದ್ದು."

ಇವರು ನನ್ನತ್ತ ತಿರುಗಿ, "ನನ್ನ ಕೈಗೇ ಹಚ್ಚಬಾರದಿತ್ತೇನೇ" ಎಂದರು.

ಎಚ್‌ಡಿಎಂಐಯಲ್ಲಿ ಚಿತ್ರ ಬಂದ ಮೇಲೆ ತಿಪ್ಪಣ್ಣ ಇನ್ನೊಂದು ವಿಡಿಯೋ ತೆಗೆದು, ಎರಡನ್ನೂ ನಿಧಾನವಾಗಿ ಓಡಿಸಿ ಇವರಿಗೆ ತೋರಿಸಿದ. ಮೊದಲನೆಯದರಲ್ಲಿ ಕೈ ಬೀಸಿ ಕೆಳಗಿಳಿದ ಮೇಲೆ ಚೆಂಡು ಹೊರಟಿತ್ತು. ಎರಡನೆಯದರಲ್ಲಿ ಕೈಯ ಜೊತೆಗೇ ಹೊರಟಿತ್ತು.

"ಮೂರು ಬಣ್ಣದ ವೈರಿನ ಮಾತು ಈ ಟಿವಿಗೆ ತಿಳಿಯಂಗಿಲ್ರಿ ಸರ. ಡಬ್ಬಿ ನಡುವ ಕುಂತು ತಿಳಿಸಿ ಹೇಳ್ಬೇಕು, ಅಷ್ಟರಾಗ ಹೊತ್ತಾಗ್ತದ. ಈಗ ಹಾಕಿದ ವೈರಿಗೆ ನಡುವಿನಾವ ಬೇಕಾಗಿಲ್ಲ. ನಿಮ್ಮ ಕೈ ತಡಾ ಮಾಡಿಲ್ರಿ. ಚಿತ್ರ ತಡಾ ಮಾಡೇತಿ."

ಇವರು ಎರಡೂ ವಿಡಿಯೋಗಳನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಕೋಲು ಹಿಡಿದು ನಿಂತರು. ಹತ್ತು ದಿನ ಸುಮ್ಮನಿದ್ದ ಕೈ ಬಿಗಿದಿತ್ತು. ನಾಲ್ಕೇ ಗೂಟ ಬಿದ್ದವು. ಮತ್ತೆ ಆಡಿದರು, ಐದು. ಮೂರನೆಯ ಸಲ ನಾಲ್ಕು. ಬಿಡಲಿಲ್ಲ.

ಊಟದ ಹೊತ್ತಾಗಿತ್ತು. ತಿಪ್ಪಣ್ಣ ಚೀಲ ಕಟ್ಟುತ್ತಿದ್ದ. ನಾನು ತಟ್ಟೆಗೆ ಚಿತ್ರಾನ್ನ ಬಡಿಸಿ, ಮೇಲೊಂದು ಹಪ್ಪಳ ಇಟ್ಟು ಅಡುಗೆಮನೆಯಿಂದ ತಂದೆ. ಇವರು ಎದ್ದು ಬಂದು ದಾರಿಯಲ್ಲೇ ನಿಂತು, ಬಲಗೈ ಚಾಚಿದರು. ತಟ್ಟೆಯನ್ನು ಆ ಕೈಯಲ್ಲಿಟ್ಟೆ. ಮಣಿಕಟ್ಟಿನ ಕೆಳಗೆ ಎಡಗೈ ಆಸರೆ ಕೊಟ್ಟುಕೊಂಡರು. ಹಪ್ಪಳ ನಡುಗುತ್ತಿತ್ತು. ನಾಲ್ಕು ಹೆಜ್ಜೆ ನಡೆದು, ತಿಪ್ಪಣ್ಣನ ಎರಡೂ ಕೈಗಳಿಗೆ ತಟ್ಟೆ ಕೊಟ್ಟರು.