ಗುಂಡವ್ವನ ಎಡ ಮುಂಗಾಲಿನ ಲಾಳ

ಆ ಮಗ್ಗುಲಿಗೆ ಮೂರು, ಈ ಮಗ್ಗುಲಿಗೆ ಮೂರು, ಒಟ್ಟು ಆರು ಮೊಳೆಯ ತೂತುಗಳು ನನ್ನ ಮೈಯಲ್ಲಿವೆ. ಇವುಗಳ ಜೊತೆಗೆ ಕೊರೆದ ಒಂದು ಸಂಖ್ಯೆ. ನಾನೆಂದರೆ ಇಷ್ಟೇ, ಒಂದು ಹೇಸರಗತ್ತೆಯ ಲಾಳ. ಆದರೆ ಇವತ್ತು ಬೆಳಿಗ್ಗೆ ಈ ಮನೆಯಲ್ಲಿ ನಡೆದದ್ದನ್ನು ಕಂಡ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ. ಮೊದಲಿನಿಂದಲೇ ಹೇಳುತ್ತೇನೆ. ನಡುವೆ ಎಲ್ಲಾದರೂ ಓಡತೊಡಗಿದರೆ ನೀವೇ ತಡೆಯಬೇಕು.

ನಾನು ಹುಟ್ಟಿದ್ದು ಉತ್ತರದ ದೊಡ್ಡ ಬೆಟ್ಟಗಳ ಬುಡದಲ್ಲಿ, ಸೈನ್ಯದ ಒಂದು ಬಿಡಾರದಲ್ಲಿ. ನನ್ನನ್ನು ಮಾಡಿದವನು ಬಶೀರ್. ಲಾಳ ಬಡಿಯುವವನನ್ನು ಅಲ್ಲಿ ನಾಲ್‌ಬಂದ್ ಎನ್ನುತ್ತಾರೆ. ಅವನು ನನ್ನನ್ನು ಕುಲುಮೆಯಿಂದ ಎತ್ತಿದಾಗ ನಾನು ಮಾಗಿದ ಮೆಣಸಿನಕಾಯಿಯಂತೆ ಕೆಂಪಗಿದ್ದೆ. ಸುತ್ತಿಗೆಯ ಒಂದೊಂದು ಪೆಟ್ಟಿಗೂ ನನಗೆ ಆಕಾರ ಬರುತ್ತಿತ್ತು. ನೀರಿಗೆ ಬಿದ್ದಾಗ ನಾನು ಹಾಕಿದ ಕೂಗು ನನಗೆ ಇನ್ನೂ ನೆನಪಿದೆ. ಅಳುವಲ್ಲ ಅದು, ಹುರುಪು!

ಮೇಲಿನ ಠಾಣೆಗಳಲ್ಲಿ ಬೆಂಕಿ ಹಾಕಿ ಕುಲುಮೆ ಹೂಡುವಂತಿರಲಿಲ್ಲ. ಆದ್ದರಿಂದ ಪ್ರತಿ ಹೇಸರಗತ್ತೆಯ ಗೊರಸಿನ ಅಳತೆ ತೆಗೆದು, ಲಾಳಗಳನ್ನು ಕೆಳಗೇ ಮಾಡಿ, ಮೂಟೆ ಕಟ್ಟಿ ಮೇಲೆ ಕಳಿಸುತ್ತಿದ್ದರು. ಒಂದರ ಲಾಳ ಇನ್ನೊಂದಕ್ಕೆ ಹೋಗಬಾರದೆಂದು ಬಶೀರ್ ಉಳಿಯಿಂದ ಅದರದರ ಸಂಖ್ಯೆ ಕೊರೆಯುತ್ತಿದ್ದ. ಅದೂ ಗೊರಸಿಗೆ ಅಂಟುವ ಮಗ್ಗುಲಲ್ಲಿ, ನೆಲಕ್ಕೆ ತಾಗಿ ಸವೆಯದ ಹಾಗೆ. ನನ್ನ ಸಂಖ್ಯೆ ನಾಲ್ಕುನೂರ ಹದಿನೇಳು.

ನಾಲ್ಕುನೂರ ಹದಿನೇಳು ಎಂದರೆ ಕಂದು ಬಣ್ಣದ, ಉದ್ದ ಕಿವಿಯ, ಭಾರಿ ಹಟದ ಒಂದು ಹೆಣ್ಣು ಹೇಸರಗತ್ತೆ. ಅದನ್ನು ನಡೆಸುವ ಸಿಪಾಯಿ ನಮ್ಮ ಸೀಮೆಯವನು, ಘಟಪ್ರಭೆಯ ಕಡೆಯ ದುಂಡಪ್ಪ ಕರಗುಪ್ಪಿ. ಆಗ ಅವನಿಗೆ ಇಪ್ಪತ್ನಾಲ್ಕು. ಅವನ ತುಕಡಿ ಇದ್ದದ್ದು ಬಯಲಿನಲ್ಲಿ. ಮೇಲೆ ಆಳು ಸಾಲದೆಂದು ಹದಿನೈದು ದಿನದ ಮಟ್ಟಿಗೆ ಅವನನ್ನು ನಮ್ಮ ದಂಡಿಗೆ ಕಳಿಸಿದ್ದರು. ಅವನು ಬಂದ ಮೂರನೇ ದಿನ ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿತು. ಹದಿನೈದು ದಿನ ಹದಿನಾಲ್ಕು ತಿಂಗಳಾಯಿತು.

ನನ್ನನ್ನು ಮೊದಲ ಸಲ ಗೊರಸಿಗೆ ಬಡಿದಾಗ, ಮೂಟೆಯ ಜೊತೆ ಮೇಲೆ ಬಂದಿದ್ದ ಬಶೀರ್ ಮಡಿಲಲ್ಲಿ ಒಂದು ಹಾಳೆ ಇಟ್ಟುಕೊಂಡಿದ್ದ. ಪ್ರತಿ ಪ್ರಾಣಿಗೂ ಅಂಥದೊಂದು ಹಾಳೆ. ಲಾಳ ಬದಲಿಸಿದ ದಿನ, ಗಾಯ, ಕೆಲಸಕ್ಕೆ ಹೋಗದ ದಿನಗಳು, ಹೋಗದಿದ್ದರೆ ಯಾಕೆ, ಎಲ್ಲ ಅದರಲ್ಲಿ ಬರೆಯಬೇಕು. ಕೆಳಗೆ ನಡೆಸುವವನ ಸಂಖ್ಯೆ, ರುಜು. ಬಶೀರ್ ಹೇಸರಗತ್ತೆಯ ಹೆಸರು ಕೇಳಿದ. ದುಂಡಪ್ಪ ಅದರ ಮುಖ ನೋಡಿದ. ಅದು ಕಿವಿ ಹಿಂದಕ್ಕೆ ಮಾಡಿ ಅವನನ್ನೇ ದುರುಗುಟ್ಟಿ ನೋಡಿತು. ಅವನಿಗೆ ಊರಿನ ಸೋದರತ್ತೆಯ ನೆನಪು ಬಂದಿರಬೇಕು.

"ಗುಂಡವ್ವ ಅಂತ ಬರಕೋ," ಅಂದ. ಆಮೇಲೆ ಕನ್ನಡದಲ್ಲೇ ಠೀವಿಯಿಂದ ರುಜು ಹಾಕಿದ.

ಆ ಸೋದರತ್ತೆಯ ಮಗಳು ಕಾಶವ್ವನನ್ನು ಅವನಿಗೆ ಕೊಡುವುದೆಂದು ಅಷ್ಟರಲ್ಲಿ ಮಾತಾಗಿತ್ತು. ಮುಂದೆ ಇದರಿಂದ ಏನಾಗಬಹುದು ಎಂದು ಆ ಚಳಿಯಲ್ಲಿ ಯಾರು ಯೋಚಿಸುತ್ತಾರೆ?

ಆ ದಾರಿಗಳ ಬಗ್ಗೆ ಏನು ಹೇಳಲಿ! ನನ್ನ ಅಡಿಯಲ್ಲಿ ಕಲ್ಲು ಕಿಡಿ ಹಾರಿಸುತ್ತಿತ್ತು. ಮಗ್ಗುಲಲ್ಲಿ ಪಾತಾಳ. ಗುಂಡವ್ವನ ಬೆನ್ನ ಮೇಲೆ ಹಿಟ್ಟು, ಸೀಮೆಎಣ್ಣೆ, ಗುಂಡಿನ ಪೆಟ್ಟಿಗೆ. ನನಗೆ ಕಾಣುತ್ತಿದ್ದುದು ದುಂಡಪ್ಪನ ಎರಡು ಬೂಟುಗಳು ಮಾತ್ರ. ಅವನು ಖುಷಿಯಲ್ಲಿದ್ದರೆ ಅವು ಕುಣಿಯುತ್ತಿದ್ದವು, ದಣಿದರೆ ಎಳೆದಾಡುತ್ತಿದ್ದವು. ಎಡಬೂಟಿನ ಅಟ್ಟೆ ಮುಂಭಾಗದಲ್ಲಿ ಬಾಯಿ ಬಿಟ್ಟಿತ್ತು.

ಒಂದು ದಿನ ನಡು ಮಧ್ಯಾಹ್ನ, ಠಾಣೆಗೆ ಅರ್ಧ ಮೈಲು ಇರುವಾಗ, ಗುಂಡವ್ವ ನಿಂತುಬಿಟ್ಟಳು. ದುಂಡಪ್ಪ ಹಗ್ಗ ಜಗ್ಗಿದ, ಬೈದ, ಬೇಡಿಕೊಂಡ.

"ನಡಿಯಬೇ ಅತ್ತೀ! ಮ್ಯಾಲ ಮಂದಿ ಹಸದು ಕುಂತಾರ. ಇಲ್ಲಿ ನಿಂತು ಯಾರ ಮದುವಿ ಮಾತಾಡ್ತೀ?"

ಅವಳು ಅಲುಗಲಿಲ್ಲ. ನಾನು ನೆಲದಲ್ಲಿ ಸಣ್ಣ ನಡುಕವೊಂದನ್ನು ಕೇಳಿದೆ. ಅವಳೂ ಕೇಳಿದ್ದಳು. ಕ್ಷಣದಲ್ಲಿ ನಮ್ಮ ಮುಂದೆ ಹತ್ತು ಮಾರಿನಾಚೆ ಬೆಟ್ಟದ ಮಗ್ಗುಲೇ ಜಾರಿ ಹೋಯಿತು. ಹಿಮದ ಧೂಳು ಇಳಿದಾಗ ಮುಂದೆ ದಾರಿ ಇರಲಿಲ್ಲ. ಹಿಂದೆಯೂ ಮುಚ್ಚಿತ್ತು. ನಿಲ್ಲಲು ಉಳಿದದ್ದು ಎತ್ತಿನ ಬಂಡಿಯಷ್ಟು ಜಾಗ.

ಮೇಲಿನವರು ಹಗ್ಗ ಇಳಿಬಿಟ್ಟು, ಪ್ರಾಣಿಯನ್ನು ಬಿಟ್ಟು ಹತ್ತಿ ಬಾ ಎಂದು ಕೂಗಿದರು. ಬೂಟುಗಳು ಒಂದು ಹೆಜ್ಜೆ ಮುಂದೆ ಹೋದವು. ಆಮೇಲೆ ತಿರುಗಿ ಬಂದು ನನ್ನಿಂದ ಒಂದು ಗೇಣು ದೂರದಲ್ಲಿ ಊರಿದವು. ಸಂಜೆ ಅವರು ಸಲಿಕೆಯಿಂದ ದಾರಿ ತೆಗೆದು ಬರುವವರೆಗೆ ಅಲ್ಲಿಂದ ಕದಲಲಿಲ್ಲ. ಹರಿದ ಅಟ್ಟೆಯೊಳಗೆ ಹಿಮ ಹೋಗುವುದನ್ನು ಕಂಡವನು ನಾನೊಬ್ಬನೇ.

ಎಡಗಾಲಿನ ಎರಡು ಬೆರಳು ಕಪ್ಪಾಗಿ, ಡಾಕ್ಟರು ತೆಗೆಯಬೇಕಾಯಿತು. ಅವನು ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಗುಂಡವ್ವ ಬೇರೆ ಯಾರ ಕೈಯಲ್ಲೂ ನಡೆಯಲಿಲ್ಲ. ಕೆಲಸಕ್ಕೆ ಹೋಗದ ಆ ದಿನಗಳಿಗೆ ಕಾರಣ ಬರೆಯಬೇಕಲ್ಲ? ಬಶೀರ್ ಹಾಳೆಯಲ್ಲಿ ಬರೆದ.

ಹದಿನಾಲ್ಕು ತಿಂಗಳ ಮೇಲೆ ಆ ದಂಡನ್ನು ಬರಖಾಸ್ತು ಮಾಡಿದರು. ಗುಂಡವ್ವನಿಗೆ ಹೊಸ ಲಾಳ ಬಡಿದು ಬೇರೆ ಕಣಿವೆಗೆ ಕಳಿಸಿದರು. ದುಂಡಪ್ಪ ಅವಳ ಕುತ್ತಿಗೆಗೆ ಹಣೆ ಒತ್ತಿ ನಿಂತ. ಬಶೀರ್ ನನ್ನನ್ನು ಅವನ ಕೈಗಿಟ್ಟ. ಅಲ್ಲಿಗೆ ನನ್ನ ನಡಿಗೆ ಮುಗಿಯಿತು.

ಊರಿಗೆ ಬಂದೆ. ಸೇವೆ ಮುಗಿಸಿ ಬಂದ ವರ್ಷ ದುಂಡಪ್ಪ ಮನೆ ಕಟ್ಟಿಸಿದ. ಬಡಿಗ ನನ್ನನ್ನು ತಲಬಾಗಿಲಿನ ಮೇಲೆ ಬಡಿದ, ದೃಷ್ಟಿ ತಾಗದಿರಲೆಂದು. ಸವೆದ ಮಗ್ಗುಲು ಊರಿಗೆ, ಸಂಖ್ಯೆಯ ಮಗ್ಗುಲು ಕಟ್ಟಿಗೆಗೆ. ಕಾಶವ್ವ ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದಳು. ಯಾವ ಕುದುರೆಯದು ಎಂದು ಅವಳು ಕೇಳಿದಾಗ ದುಂಡಪ್ಪ, "ಮಿಲಿಟರಿದು" ಎಂದಷ್ಟೇ ಹೇಳಿ ಎಲೆ ಅಡಿಕೆ ಹುಡುಕತೊಡಗುತ್ತಿದ್ದ. ಅತ್ತೆ ಗುಂಡವ್ವ ಆಗ ಒಳಗೇ ಕೂತು ರೊಟ್ಟಿ ತಟ್ಟುತ್ತಿದ್ದಳಲ್ಲ!

ಅತ್ತೆ ತೀರಿಕೊಂಡಳು. ದುಂಡಪ್ಪನ ಕೂದಲು ಬೆಳ್ಳಗಾಯಿತು. ಎಡಗಾಲು ಚಳಿಗಾಲದಲ್ಲಿ ಉರಿಯತೊಡಗಿತು. ಗಾಯ ಸೈನ್ಯದಲ್ಲಿ ಆದದ್ದೆಂದು ಬರೆಸಿಕೊಳ್ಳಲು ಕಾಗದ ತೆಗೆಸಿದಾಗ ಗೊತ್ತಾಯಿತು: ಅವನ ಸೇವಾ ಪುಸ್ತಕದಲ್ಲಿ ಆ ಹದಿನಾಲ್ಕು ತಿಂಗಳೇ ಇಲ್ಲ. ಹಳೆಯ ತುಕಡಿಯವರು ದಂಡಿನವರು ಬರೆದಾರೆಂದು ಬಿಟ್ಟಿದ್ದರು. ದಂಡಿನವರು ತುಕಡಿಯವರು ಬರೆದಾರೆಂದು ಬಿಟ್ಟಿದ್ದರು. ನಡುವೆ ಖಾಲಿ. ಬೆರಳುಗಳೂ ಆ ಖಾಲಿಯೊಳಗೇ ಹೋಗಿದ್ದವು.

ಊರಿಗೆ ಇಷ್ಟು ಸಾಕು. ಹಿಟ್ಟಿನ ಗಿರಣಿಯ ಮಲ್ಲೇಶಿ ನಮ್ಮ ಬಾಗಿಲ ಮುಂದೆಯೇ ಸೈಕಲ್ ನಿಲ್ಲಿಸಿ ಕೇಳಿದ, "ಏನ್ರೀ ಸುಬೇದಾರ್ರ, ಆ ಹದಿನಾಕು ತಿಂಗಳು ಓಡಿ ಹೋಗಿದ್ರೋ, ಇಲ್ಲಾ ಅತ್ತೀ ಮನ್ಯಾಗ ಕುಂತಿದ್ರೋ?"

ದುಂಡಪ್ಪ ನಕ್ಕ. ಆದರೆ ಅವತ್ತು ಅವನು ಊಟ ಮಾಡಲಿಲ್ಲ. ಮೇಲಿಂದ ನಾನು ನೋಡಿದೆ, ತಟ್ಟೆ ಹಾಗೇ ಇತ್ತು.

"ಅವ್ನ ಮಾತು ಏನ್ ಹಚ್ಕೋತೀರಿ, ಏಳ್ರಿ," ಅಂದಳು ಕಾಶವ್ವ.

"ಅವಂದಲ್ಲ ಬಿಡು. ಕಾಗದಾನೂ ಅದನ್ನ ಹೇಳತೈತಲ್ಲ. ನಾ ಸತ್ತ ಮ್ಯಾಲ ಕಾಗದಾನ ಉಳಿಯೂದು."

ಅರ್ಜಿ ಬರೆದವರು ನಿವೃತ್ತ ಹೆಡ್‌ಮಾಸ್ತರ ಶ್ರೀಪಾದರಾಯರು. ಊರಿನ ಎಲ್ಲ ಅರ್ಜಿಯೂ ಅವರದೇ ಕೈಬರಹ. ನಮ್ಮ ಕಟ್ಟೆಯ ಮೇಲೆ ಕೂತು ಬರೆದು, ಜೋರಾಗಿ ಓದಿ ಹೇಳುವರು. "ಗಗನಚುಂಬಿ ಪರ್ವತಗಳಲ್ಲಿ ತಾಯ್ನಾಡಿನ ಸೇವೆಯನ್ನು ಪ್ರಾಣದ ಹಂಗು ತೊರೆದು ಸಲ್ಲಿಸಿ..."

"ಮಾಸ್ತರ್ರ, ಹೇಸರಗತ್ತಿ ಬಗ್ಗೆ ಒಂದು ಮಾತು ಬರೀರಲ್ಲ," ಅನ್ನುವ ದುಂಡಪ್ಪ.

"ಛೇ, ದೊಡ್ಡ ಸಾಹೇಬರ ಮುಂದ ಕತ್ತಿ ಮಾತು ಯಾಕೋ? ಅರ್ಜಿಗೆ ಒಂದು ಘನತಿ ಇರತೈತಿ."

ಹನ್ನೊಂದು ಅರ್ಜಿ ಹೋದವು, ಒಂಬತ್ತು ವರ್ಷದಲ್ಲಿ. ಒಂದಕ್ಕಿಂತ ಒಂದು ಚೆಂದ. ಹನ್ನೊಂದಕ್ಕೂ ಒಂದೇ ಉತ್ತರ: ಆಧಾರ ಸಿಗುವುದಿಲ್ಲ. ಮಾಸ್ತರು ಪರ್ವತವನ್ನು ಇನ್ನಷ್ಟು ಎತ್ತರ ಮಾಡುವರು. ನಾನು ಮೇಲಿಂದ ಒದರುತ್ತಿದ್ದೆ: ನನ್ನನ್ನು ತಿರುಗಿಸಿ ನೋಡಿರೋ! ಕಬ್ಬಿಣದ ಕೂಗು ಯಾರಿಗೆ ಕೇಳಬೇಕು?

ಗೆದ್ದಲಿಗೆ ಕೇಳಿತು ನೋಡಿ. ಕಳೆದ ಮಾಘದಲ್ಲಿ ಚೌಕಟ್ಟಿನ ಮೇಲಿನ ಅಡ್ಡಪಟ್ಟಿಯನ್ನು ಅವು ತಿಂದು ಹಾಕಿದವು. ಬಡಿಗ ಬಂದು ನನ್ನನ್ನು ಕಿತ್ತು ಕೆಳಗಿಟ್ಟ. ಕಾಶವ್ವ ಹುಣಸೆಹಣ್ಣು, ಬೂದಿ ಹಾಕಿ ನನ್ನನ್ನು ತಿಕ್ಕಿದಳು. ನಲವತ್ತು ವರ್ಷದ ತುಕ್ಕು ಕರಗಿ ಬಚ್ಚಲಿಗೆ ಹರಿಯಿತು.

"ರೀ, ಇಲ್ಲಿ ಬರ್ರಿ. ಇದರ ಮ್ಯಾಲ ಏನೋ ಬರದಾರ."

ದುಂಡಪ್ಪ ಬಂದ. ನನ್ನನ್ನು ಬಿಸಿಲಿಗೆ ಹಿಡಿದ. ಹೆಬ್ಬೆರಳು ಸಂಖ್ಯೆಯ ಮೇಲೆ ಓಡಾಡಿತು, ನಿಂತಿತು, ಮತ್ತೆ ಓಡಾಡಿತು.

"ನಾಕನೂರಾ ಹದಿನೇಳು," ಅಂದ ಮೆಲ್ಲಗೆ. ಆಮೇಲೆ ಒಮ್ಮೆಲೇ ಕೂಗಿದ, "ಹಾಳಿ! ಆಕಿ ಹಾಳಿ! ನಾ ರುಜು ಹಾಕೇನಿ!"

"ಯಾರಕಿ?" ಅಂದಳು ಕಾಶವ್ವ. ಅವನು ಉತ್ತರ ಕೊಡಲು ನಿಲ್ಲಲಿಲ್ಲ. ಎಪ್ಪತ್ತೆರಡರ ಮುದುಕ, ಎಂಟೇ ಕಾಲ್ಬೆರಳಿನವನು, ಮುಂಡಾಸಿಲ್ಲದೆ ಬೀದಿಯಲ್ಲಿ ಓಡಿದ. ನಾನು ಅವನ ಮುಷ್ಟಿಯಲ್ಲಿ! ಎಷ್ಟೋ ವರ್ಷದ ಮೇಲೆ ನಾನು ಮತ್ತೆ ದಾರಿಯ ಮೇಲಿದ್ದೆ.

"ಬರೀರಿ ಮಾಸ್ತರ್ರ. ಈ ಸರ್ತಿ ನನ್ನ ಹೆಸರಿಲೆ ಬ್ಯಾಡ, ಹೇಸರಗತ್ತಿ ಹೆಸರಿಲೆ ಬರೀರಿ."

ಮಾಸ್ತರು ಕನ್ನಡಕ ತೆಗೆದರು. "ಹನ್ನೊಂದು ಅರ್ಜಿ ದೇಶದ ಹೆಸರಿನ್ಯಾಗ ಬರದೇನಿ. ಹನ್ನೆರಡನೇದು ಕತ್ತಿ ಹೆಸರಿನ್ಯಾಗ ಏನೋ?"

"ದೇಶ ನನ್ನ ಗುರುತು ಹಿಡೀಲಿಲ್ರಿ. ಆಕಿ ಹಿಡೀತಾಳ."

ಮಾಸ್ತರು ಕನ್ನಡಕ ಮತ್ತೆ ಏರಿಸಿದರು. ಆಮೇಲೆ ಪೆನ್ನು ಬಿಚ್ಚಿದರು. ಅವತ್ತು ಬರೆದದ್ದು ಐದೇ ಸಾಲು. ಪರ್ವತ ಇರಲಿಲ್ಲ, ತಾಯ್ನಾಡು ಇರಲಿಲ್ಲ. ಇಂಥ ವರ್ಷ, ಇಂಥ ದಂಡು, ಪ್ರಾಣಿ ಸಂಖ್ಯೆ ನಾಲ್ಕುನೂರ ಹದಿನೇಳು, ಅದರ ಹಾಳೆ ಹುಡುಕಿಸಿ, ನಡೆಸಿದವನು ಯಾರೆಂದು ನೋಡಿ. ಆಮೇಲೆ ನನ್ನ ಮೇಲೆ ತೆಳ್ಳನೆಯ ಕಾಗದ ಹಾಸಿ ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆದರು. ಆರು ತೂತು, ಮೂರು ಅಂಕಿ. ನಾನು ಲಕೋಟೆಯಲ್ಲಿ ಪ್ರಯಾಣ ಹೊರಟೆ.

ಎರಡು ತಿಂಗಳಿಗೆ ಒಂದು ಚಿಕ್ಕ ಪತ್ರ ಬಂತು: ಪ್ರಾಣಿಗಳ ಕಾಗದಪತ್ರ ಬೇರೆ ಕೇಂದ್ರದಲ್ಲಿವೆ, ನಿಮ್ಮ ಅರ್ಜಿಯನ್ನು ಅಲ್ಲಿಗೆ ಕಳಿಸಿದೆ. ಇಲ್ಲ ಎಂದು ಬರೆಯದ ಮೊದಲ ಪತ್ರ ಅದು! ಹೇಸರಗತ್ತೆ ನಿಂತು ತನ್ನನ್ನು ಉಳಿಸಿದ ಕತೆಯನ್ನು ಅವನು ಅವತ್ತು ಕಾಶವ್ವನಿಗೆ ಹೇಳಿದ, ಅದರ ಹೆಸರೊಂದನ್ನು ಬಿಟ್ಟು. ಅವತ್ತಿನಿಂದ ದುಂಡಪ್ಪ ಅಂಚೆಯವಳ ಗಾಡಿಯ ಸದ್ದಿಗೆ ದಿನಾ ಎದ್ದು ನಿಲ್ಲುತ್ತಿದ್ದ. ಹೊಸ ಪಟ್ಟಿಯ ಮೇಲೆ, ಈಗ ಸಂಖ್ಯೆ ಊರಿಗೆ ಕಾಣುವಂತೆ ಬಡಿಸಿಕೊಂಡಿದ್ದ ನಾನು, ಅವನಿಗಿಂತ ಮೊದಲೇ ಆ ಸದ್ದು ಕೇಳುತ್ತಿದ್ದೆ.

ಇವತ್ತು ಬೆಳಿಗ್ಗೆ ಬಂದದ್ದು ದಪ್ಪ ಲಕೋಟೆ. ದುಂಡಪ್ಪನಿಗೆ ಒಡೆಯಲು ಧೈರ್ಯವಾಗಲಿಲ್ಲ. ಮಾಸ್ತರು ಬಂದು ಒಡೆದರು. ಕಾಶವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು. ಇಂಗ್ಲಿಷಿನದನ್ನು ಮಾಸ್ತರು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದರು.

"ಹಾಳೆ ಸಿಕ್ಕಿದೆ. ಹದಿನಾಲ್ಕು ತಿಂಗಳೂ ನಡೆಸಿದವನ ಸಂಖ್ಯೆ, ರುಜು ಇದೆ. ರುಜು ಕನ್ನಡದಲ್ಲಿದೆ. ಒಂಬತ್ತು ದಿನ ಪ್ರಾಣಿಗೆ ಕೆಲಸವಿಲ್ಲ. ಕಾರಣ: ಹಿಮದಲ್ಲಿ ಪ್ರಾಣಿಯನ್ನು ಬಿಡದೆ ನಿಂತು, ನಡೆಸುವವನ ಎಡಗಾಲಿನ ಎರಡು ಬೆರಳು ಹೋಗಿವೆ, ಆಸ್ಪತ್ರೆಯಲ್ಲಿದ್ದಾನೆ. ಸೇವಾ ಪುಸ್ತಕವನ್ನು ಅದರಂತೆ ತಿದ್ದಲಾಗಿದೆ."

ದುಂಡಪ್ಪ ಎಡಗಾಲನ್ನು ಮುಂದೆ ಚಾಚಿ, ಇಲ್ಲದ ಬೆರಳುಗಳ ಜಾಗವನ್ನು ಸವರುತ್ತ ಕೂತ.

ಮಾಸ್ತರು ಹಾಳೆಯ ನಕಲು ತಿರುವಿದರು. ಹುಬ್ಬೇರಿಸಿದರು. "ಪ್ರಾಣಿಯ ಹೆಸರು..." ಅಂದವರು ತಡವರಿಸಿದರು. "ಗುಂಡವ್ವ."

ದುಂಡಪ್ಪ ಕಣ್ಣು ಮುಚ್ಚಿದ. ಹಿಮ ಜಾರಿದ ದಿನವೂ ಅವನ ಮುಖ ಹಾಗಿದ್ದಿರಲಾರದು.

"ನಮ್ಮವ್ವನ ಹೆಸರ?" ಅಂದಳು ಕಾಶವ್ವ. "ಕತ್ತಿಗೆ?"

"ಹೇಸರಗತ್ತಿ," ಅಂದ ದುಂಡಪ್ಪ, ಕಣ್ಣು ತೆರೆಯದೆ.

ಕಾಶವ್ವ ನನ್ನತ್ತ ನೋಡಿದಳು. ನಲವತ್ತು ವರ್ಷ ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚಿದ ನನ್ನನ್ನು. ಆಮೇಲೆ ಗಂಡನ ಕಾಲನ್ನು. ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡೆ.

"ಆಕಿ ನಿಲ್ಲದಿದ್ರ ನೀವು ಇರತಿರ್ಲಿಲ್ಲಲ್ಲ?"

"ಇರತಿರ್ಲಿಲ್ಲ."

"ನಮ್ಮವ್ವನೂ ಹಂಗ ಇದ್ದಳು ತಗೋರಿ. ಒಮ್ಮೆ ನಿಂತಳಂದ್ರ ಮುಗೀತು, ಯಾರು ಜಗ್ಗಿದ್ರೂ ಅಷ್ಟ," ಅಂದು ಅವಳು ನಕ್ಕಳು. ನಗು ಎಷ್ಟು ಬಂತೆಂದರೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ಮಾಸ್ತರು ನಕ್ಕರು. ಕೊನೆಗೆ ದುಂಡಪ್ಪನೂ ಒಂದು ಕಣ್ಣು ತೆರೆದ.

ಅಷ್ಟರಲ್ಲಿ ಬೀದಿಯಲ್ಲಿ ಮಲ್ಲೇಶಿಯ ಸೈಕಲ್ ಗಂಟೆ ಕೇಳಿಸಿತು. ಕಾಶವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಏ ಮಲ್ಲೇಶಿ, ನಿಲ್ಲೋ! ಆ ಹದಿನಾಕು ತಿಂಗಳು ಇವ್ರು ಎಲ್ಲಿದ್ರು ಅಂತ ಕೇಳಿದ್ದೆಲ್ಲ? ಅತ್ತೀ ಕೂಡನ ಇದ್ರಂತ. ಬಾ, ಸರಕಾರ ಬರದು ಕಳಿಸೇತಿ, ಓದಸ್ಕೊಂಡು ಹೋಗು."

ಈಗ ಬಿಸಿಲು ನನ್ನ ಮೇಲಿದೆ. ಇವತ್ತು ಶುಕ್ರವಾರವಲ್ಲ, ಆದರೂ ಹಸಿ ಕುಂಕುಮ ಬಿದ್ದಿದೆ, ಸಂಖ್ಯೆ ಮುಚ್ಚದ ಹಾಗೆ ಒಂದು ಮಗ್ಗುಲಿಗೆ. ನಾನು ಸವೆದ ಕಬ್ಬಿಣ. ಇನ್ನು ಯಾವ ಗೊರಸಿಗೂ ಬರುವವನಲ್ಲ. ಕೆಳಗೆ ದುಂಡಪ್ಪ ಹೊಲಕ್ಕೆ ಹೊರಟಿದ್ದಾನೆ. ಮೇಲಿಂದ ನನಗೆ ಅವನ ಚಪ್ಪಲಿಗಳು ಕಾಣುತ್ತವೆ. ಎಡಗಡೆಯದು ಕುಂಟುತ್ತಲೇ ಇದೆ, ಆದರೆ ನೋಡಿ, ಕುಣಿಯುತ್ತಿದೆ.