ಮಂಡಿಯ ಕೆಳಗಿನ ಸಂದು

ನನ್ನ ಎಡ ಮಂಡಿಯನ್ನು ಕೆಡಿಸಿದ್ದು ಹಾಸಿಗೆ. ಮಲಗಿ ಕೆಟ್ಟದ್ದಲ್ಲ, ಹೊಲಿದು ಕೆಟ್ಟದ್ದು. ಹತ್ತಿ ತುಂಬಿದ ಹಾಸಿಗೆಯ ಮೇಲೆ ಹತ್ತಿ ಕೂತು, ಎಡ ಮಂಡಿಯನ್ನು ಊರಿ ಅದುಮಿ ಹಿಡಿದು, ಉದ್ದನೆಯ ಸೂಜಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಳೆಯಬೇಕು. ಮದುವೆಯಾಗಿ ಬಂದಾಗಿನಿಂದ ನನ್ನದು ಅದೇ ಕೆಲಸ. ಮಂಡಿಗೆ ಸ್ವಂತ ಬುದ್ಧಿ ಅಂತ ಇದ್ದಿದ್ದರೆ ಎಂದೋ ನನ್ನನ್ನು ಬಿಟ್ಟು ಹೋಗಿರುತ್ತಿತ್ತು.

ಹಾಸಿಗೆ ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಕಡಿದಾದ ಮೆಟ್ಟಿಲು. ಮನೆಯಲ್ಲಿ ನಾವು ಮೂರೇ ಜನ: ನಾನು, ನಮ್ಮವರು, ಅವರ ತಂಗಿ. ನಮ್ಮವರನ್ನು ಬೀದಿಯಲ್ಲಿ ಎಲ್ಲರೂ ಮೆತ್ತೆ ಮಾಸ್ತರು ಅಂತಲೇ ಕರೆಯುವುದು. ಒಬ್ಬ ಮನುಷ್ಯ ಅಂಗಡಿಯೊಳಗೆ ನಡೆದು ಬರುವುದನ್ನು ನೋಡಿಯೇ ಅವನ ಸೊಂಟಕ್ಕೆ ಎಷ್ಟು ಹತ್ತಿ ಬೇಕು, ಕತ್ತಿಗೆ ಎಷ್ಟು ಬೇಕು ಅಂತ ಹೇಳಿಬಿಡುತ್ತಾರೆ. ಕಸುಬಿನಲ್ಲಿ ಅವರದು ಒಂದೇ ಮಾತು: ಹಾಸಿಗೆಗೂ ಮೈಗೂ ನಡುವೆ ಸಂದು ಉಳಿಯಬಾರದು. ಎಲ್ಲಿ ಸಂದು ಇದೆಯೋ ಅಲ್ಲಿ ನೋವು ಬಂದು ಕೂರುತ್ತದೆ. ಆದ್ದರಿಂದ ಸಂದು ಕಂಡಲ್ಲೆಲ್ಲ ತುಂಬು.

ಮೂಳೆ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಡುವಿನ ಮೆತ್ತೆ ಪೂರ್ತಿ ಸವೆದಿದೆ, ಮೂಳೆಗೆ ಮೂಳೆ ತಿಕ್ಕಾಡುತ್ತಿದೆ, ಮಂಡಿ ಬದಲಾಯಿಸದೆ ಬೇರೆ ದಾರಿಯಿಲ್ಲ ಅಂದರು. "ನಾನು ಅತ್ತಿಗೆ ಅಡುಗೆಮನೇಲಿ ಇದ್ದ ಹಾಗೆ" ಅಂದಳು ನನ್ನ ನಾದಿನಿ. ಡಾಕ್ಟರು ನಕ್ಕರು. ನಮ್ಮವರು ನಗಲಿಲ್ಲ. ಒಳಗೆ ಇದ್ದ ಮೆತ್ತೆ ಸವೆದುಹೋಯಿತು ಅನ್ನುವ ಮಾತು ಅವರಿಗೆ ನಾಟಿಬಿಟ್ಟಿತ್ತು. ತಮ್ಮ ಕಣ್ಣ ಮುಂದೆಯೇ, ತಮಗೆ ಗೊತ್ತಾಗದೆ ಒಂದು ಮೆತ್ತೆ ಸವೆಯಿತಲ್ಲ ಎಂದು.

ತಯಾರಿ ಶುರುವಾಯಿತು. ರಕ್ತ, ಎದೆ, ಎಲ್ಲ ಪರೀಕ್ಷೆ ಮಾಡಿದರು. ಹುಳುಕು ಹಲ್ಲಿದ್ದರೆ ಹೊಸ ಮಂಡಿಗೆ ಸೋಂಕು ತಗಲಬಹುದು ಅಂತ ಒಂದು ದವಡೆ ಹಲ್ಲನ್ನೂ ಕಿತ್ತರು. ಮಂಡಿ ಸರಿಮಾಡಿ ಅಂತ ಹೋದವಳ ಹಲ್ಲು ಕಿತ್ತು ಕಳಿಸಿದ್ದನ್ನು ನಾದಿನಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಮ್ಮವರು ಕಾಲಿಗೆ ತೊಡರುವ ಚಾಪೆಗಳನ್ನೆಲ್ಲ ಎತ್ತಿಸಿದರು, ಬಚ್ಚಲ ಗೋಡೆಗೆ ಹಿಡಿಕೆ ಹೊಡೆಸಿದರು, ನನ್ನ ಮಂಚವನ್ನು ಎತ್ತರ ಮಾಡಿಸಿದರು. ಆಮೇಲೆ ನನ್ನನ್ನು ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಟೇಪು ಹಿಡಿದು ಕಾಲಿನ ಅಳತೆ ತೆಗೆದರು. ಮಂಡಿಯ ಕೆಳಗೆ ಕೈ ತೂರಿಸಿ, "ನೋಡು, ಇಲ್ಲಿ ಎಷ್ಟು ಸಂದು ಇದೆ" ಅಂದರು.

ಆ ಸಂದಿಗೆಂದೇ ಅವರು ಹೊಲಿದ ದಿಂಬಿನ ಬಗ್ಗೆ ಏನಂತ ಹೇಳಲಿ! ತೊಡೆಯ ಕಡೆ ಇಳಿಜಾರು, ಹಿಮ್ಮಡಿಯ ಕಡೆ ಇಳಿಜಾರು, ಮಂಡಿ ಕೂರುವಲ್ಲಿ ಉಬ್ಬು. ಹತ್ತಿಯನ್ನು ತಾವೇ ಕೂತು ಎಳೆ ಎಳೆಯಾಗಿ ಬಿಡಿಸಿದ್ದರು. ಹೊಲಿಗೆ ಚುಚ್ಚದಿರಲಿ ಅಂತ ಅಂಚನ್ನೆಲ್ಲ ಒಳಕ್ಕೆ ಮಡಿಚಿದ್ದರು. ಇಷ್ಟು ವರ್ಷದಲ್ಲಿ ಅವರು ನನಗಾಗಿಯೇ ಮಾಡಿದ ಮೊದಲ ವಸ್ತು ಅದು. ನಾನು ಮೂಗು ಮುರಿದೆ, ಆದರೆ ಒಳಗೊಳಗೇ ಹಿಗ್ಗಿದ್ದೆ.

ಆಪರೇಷನ್ ಆಯಿತು. ಮನೆಗೆ ಕಳಿಸುವಾಗ, ಊತ ಇಳಿಯಲು ಕಾಲನ್ನು ಎತ್ತರದಲ್ಲಿ ಇಡಿ ಅಂದರು ಆಸ್ಪತ್ರೆಯಲ್ಲಿ. ಎತ್ತರ ಅಂದರೆ ದಿಂಬು, ದಿಂಬು ಅಂದರೆ ನಮ್ಮವರು. ಅಲ್ಲಿಂದಾಚೆಗೆ ಬೇರೆಯವರ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಇಬ್ಬರು ಆಳುಗಳು ನನ್ನನ್ನು ಕುರ್ಚಿ ಸಮೇತ ಮೆಟ್ಟಿಲು ಹತ್ತಿಸಿದರು. ನಮ್ಮವರು ನನ್ನ ಕಾಲನ್ನು ಹೂವಿನ ಹಾಗೆ ಎತ್ತಿ ಮಂಡಿಯನ್ನು ಉಬ್ಬಿನ ಮೇಲೆ ಕೂರಿಸಿದರು. ಜೀವ ಬಂದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಹಿತ ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಮನೆಗೇ ಬಂದು ವ್ಯಾಯಾಮ ಮಾಡಿಸಲು ಫಿಸಿಯೋ ಹುಡುಗಿಯೊಬ್ಬಳನ್ನು ಆಸ್ಪತ್ರೆಯವರು ಗೊತ್ತುಮಾಡಿದ್ದರು. ಮೊದಲ ಸಲ ಬಂದು, ಕುರ್ಚಿಯಲ್ಲಿ ಕೂತಿದ್ದ ನನ್ನ ಕಾಲನ್ನು ಮಡಿಚಿಸಿದಾಗ ನಾನು ಕಿರುಚಿದ್ದು ಕೆಳಗೆ ಅಂಗಡಿಗೂ ಕೇಳಿಸಿತಂತೆ. ನಮ್ಮವರು ಅವಳನ್ನು ಮೆಟ್ಟಿಲಲ್ಲೇ ತಡೆದು, "ಇನ್ನೂ ಹಸಿ ಗಾಯ ಕಣಮ್ಮ. ಸ್ವಲ್ಪ ಆರಲಿ, ನಾವೇ ಹೇಳಿ ಕಳಿಸ್ತೀವಿ" ಅಂದರು. ಪಾಪ, ಹೆಂಡತಿಯ ಸಂಕಟ ನೋಡಲಾರದೆ ಅಂದ ಮಾತು. ವ್ಯಾಯಾಮ ನಿಲ್ಲಿಸಬಾರದು ಅಂತ ಅವಳು ಅಂದರೂ ಕೇಳಲಿಲ್ಲ. ಆಮೇಲಿನ ದಿನಗಳನ್ನು ನಾನು ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಹಾರಾಣಿಯ ಹಾಗೆ ಕಳೆದೆ. ನಾದಿನಿ ಊಟ ತಂದುಕೊಡುತ್ತಿದ್ದಳು, ಜೊತೆಗೆ ಎರಡು ಚುಚ್ಚುಮಾತು.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಕಾಲು ಚಾಚಿ ಅಂದರು. ಚಾಚಿದೆ ಅಂದುಕೊಂಡೆ. ಚಾಚಿರಲಿಲ್ಲ. ಎಷ್ಟು ತಿಣುಕಿದರೂ ಮಂಡಿ ಮೇಲಕ್ಕೆ ಎದ್ದೇ ಇತ್ತು, ಕೆಳಗೆ ಬೆಕ್ಕು ನುಸುಳುವಷ್ಟು ಸಂದು. ಡಾಕ್ಟರ ಮುಖ ಬಿಗಿಯಾಯಿತು. ಒಳಗೆ ಕಲೆಕಟ್ಟಿದ ಮಾಂಸ ಗಟ್ಟಿಯಾಗುವ ಮೊದಲು ಇದನ್ನು ನೆಟ್ಟಗೆ ಮಾಡಬೇಕು, ಇಲ್ಲದಿದ್ದರೆ ಕಾಲು ಹೀಗೇ ಸೊಟ್ಟಗೆ ಉಳಿದುಬಿಡುತ್ತದೆ, ಮೆಟ್ಟಿಲಿನ ಆಸೆ ಬಿಡಬೇಕಾಗುತ್ತದೆ ಅಂದರು. ನಮ್ಮವರು ಆಗ ಹೊರಗೆ ನನ್ನ ವಾಕರ್ ಹಿಡಿದುಕೊಂಡು ಯಾರಿಗೋ ದಿಂಬಿನ ವಿಷಯ ಹೇಳುತ್ತಿದ್ದರು.

ಮೆಟ್ಟಿಲಿನ ಆಸೆ ಬಿಡುವುದು ಅಂದರೆ ಏನು ಅಂತ ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೆಳಗೆ ಕತ್ತರಿಯ ಸದ್ದು, ಗಿರಾಕಿಗಳ ಮಾತು, ಹೊಸ ಬಟ್ಟೆಯ ವಾಸನೆ. ಮೇಲೆ ನಾನು, ಒಂದು ಕಿಟಕಿ, ನಾದಿನಿ. ಸಾಯುವ ತನಕ.

ಫಿಸಿಯೋ ಹುಡುಗಿ ಮತ್ತೆ ಬಂದಳು. ಹೊದಿಕೆ ಸರಿಸಿ ದಿಂಬು ನೋಡಿದವಳೇ ಹೌಹಾರಿದಳು.

"ಇದನ್ನ ಯಾರಮ್ಮ ಇಟ್ಟಿದ್ದು? ಮಂಡಿ ಕೆಳಗೆ ಏನೂ ಇಡಬಾರದು! ಎತ್ತರ ಮಾಡೋದಾದ್ರೆ ಹಿಮ್ಮಡಿ ಕೆಳಗೆ. ಮಂಡಿ ಖಾಲಿ ಇರಬೇಕು, ತೂಗಬೇಕು. ಹಗಲು ರಾತ್ರಿ ಬಗ್ಗಿಸಿ ಇಟ್ಟು ಇಟ್ಟು ಅದು ಹಾಗೇ ಕೂತುಬಿಟ್ಟಿದೆ."

ಕೆಳಗಿನಿಂದ ನಮ್ಮವರ ನಗು ಕೇಳಿಸುತ್ತಿತ್ತು.

"ನಾನೇ ಇಟ್ಕೊಂಡಿದ್ದು. ಹಿತವಾಗಿತ್ತು ಅಂತ" ಅಂದೆ.

"ಹಿತ ನೋಡಿದ್ರೆ ಕಾಲು ಬರಲ್ಲ. ದಿಂಬು ಮೇಲೆ ಬಂದು ಈ ಸಂದು ಮುಚ್ಚೋದಲ್ಲ, ಕಾಲು ಕೆಳಗೆ ಹೋಗಿ ಮುಚ್ಚಬೇಕು." ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿಯ ಮೇಲೆ ಎರಡೂ ಕೈಯಿಟ್ಟು ಮೈಭಾರ ಬಿಟ್ಟಳು. ನನಗೆ ಕಣ್ಣು ಕತ್ತಲೆ ಬಂತು. "ನಾನು ದಿನಾ ಬರೋಕಾಗಲ್ಲ. ನಾನಿಲ್ಲದಾಗ ಮನೇಲಿ ಯಾರಾದ್ರೂ ಒತ್ತಲೇಬೇಕು" ಅಂತ ಹೇಳಿ, ಹೇಗೆ ಎಷ್ಟು ಒತ್ತಬೇಕು ಅನ್ನುವುದನ್ನು ನಾದಿನಿಗೆ ತೋರಿಸಿದಳು. ನಾದಿನಿ ಗಾಯದ ಗುರುತು ನೋಡಿದವಳೇ ಗೋಡೆ ಹಿಡಿದು ಕೂತುಬಿಟ್ಟಳು.

ಹುಡುಗಿ ಹೋದ ಮೇಲೆ ನಮ್ಮವರು ಮೇಲೆ ಬಂದರು. ದಿಂಬು ಪಕ್ಕಕ್ಕೆ ಬಿದ್ದಿರುವುದನ್ನು ಕಂಡು "ಅಯ್ಯೋ, ಜಾರಿಬಿಟ್ಟಿದೆ" ಅಂತ ಎತ್ತಿ, ತಟ್ಟಿ, ಮತ್ತೆ ಮಂಡಿಯ ಕೆಳಗಿಟ್ಟರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಅವರು ಕೆಳಗಿಳಿದ ಕೂಡಲೇ ಅದನ್ನು ಎಳೆದುಹಾಕಿದೆ. ಅವರು ಮತ್ತೆ ಬಂದರು, ಮತ್ತೆ ಇಟ್ಟರು. ಮನೆ ತುಂಬ ಜನ ಇಲ್ಲದಿದ್ದರೂ ನಮ್ಮದು ಒಂದು ನಾಟಕವೇ ಆಯಿತು. ಅವರು ಇಡುವುದು, ನಾನು ಎಳೆಯುವುದು. ನಡುವೆ ಕಾಲು ಮಾತ್ರ ಕೊರಡಿನ ಹಾಗೆ ಬಿದ್ದಿತ್ತು.

ಇದು ಎಷ್ಟು ದಿನ ನಡೆಯುತ್ತಿತ್ತೋ. ಒಂದು ದಿನ ಅವರು ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಟ್ಟೆ ಹಿಡಿದು ಉಬ್ಬಿಹೋಗಿ ಬಂದರು. "ಕನ್ನಡಕದ ಅಂಗಡಿಯವರ ಅಕ್ಕನಿಗೂ ಮಂಡಿ ಆಪರೇಷನ್ ಅಂತೆ ಕಣೇ. ನಿಂದು ನೋಡಿ ಅವರೂ ಕೇಳಿದಾರೆ. ಈ ಬಣ್ಣ ಆಗಬಹುದಾ?"

ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಇನ್ನೊಬ್ಬಳ ಕಾಲೂ ಹೋಗುತ್ತದೆ. ಹೇಳಿಬಿಟ್ಟೆ. ಮೆತ್ತಗೆ ಹೇಳೋಣ ಅಂದುಕೊಂಡಿದ್ದೆ. ನನ್ನ ನಾಲಿಗೆಗೆ ಮೆತ್ತಗಿನ ಅಭ್ಯಾಸವಿಲ್ಲ. "ಆ ದಿಂಬಿನಿಂದಲೇ ನನ್ನ ಕಾಲು ಸೊಟ್ಟಗಾಗಿರೋದು ರೀ" ಅಂದೆ.

ಅವರು ಮಂಚದ ಅಂಚಿನಲ್ಲಿ ಕೂತು ದಿಂಬನ್ನು ತೊಡೆಯ ಮೇಲಿಟ್ಟುಕೊಂಡರು, ಅದರ ಹೊಲಿಗೆಯ ಮೇಲೆ ಬೆರಳು ಆಡಿಸಿದರು. ಆಮೇಲೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗೆ ಹೋದರು. ಹಾಡಹಗಲಲ್ಲಿ ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿಸಿತು. ಎದ್ದು ಹೋಗಿ ಹತ್ತಿರ ಕೂರೋಣವೆಂದರೆ ಕಾಲಿಲ್ಲ.

ತುಂಬ ಹೊತ್ತಿನ ಮೇಲೆ ಬಂದರು. "ಕನ್ನಡಕದವರ ಮನೆಗೆ ಹೋಗಿ ಬೇಡ ಅಂತ ಹೇಳಿ ಬಂದೆ" ಅಂದರು. ಆಮೇಲೆ ಶರಟಿನ ತೋಳು ಮಡಿಚಿ, "ಎಲ್ಲಿ ಒತ್ತಬೇಕು?" ಅಂದರು.

ಒತ್ತಿದರು ಅಂತ ಹೇಳುವಂತಿಲ್ಲ. ಮುಟ್ಟಿದರು. ನಾನು "ಅಮ್ಮಾ" ಅಂದ ತಕ್ಷಣ ಬೆಂಕಿ ತಗುಲಿದ ಹಾಗೆ ಕೈ ತೆಗೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ಹಣೆಯ ತುಂಬ ಬೆವರು. ಹಲ್ಲು ಕಚ್ಚಿ ಸುಮ್ಮನಿರಲು ನೋಡಿದೆ, ಆಗಲಿಲ್ಲ. ನೋವೆಂದರೆ ಅಂಥ ನೋವು. "ನನ್ನ ಕೈಲಾಗಲ್ಲ ಕಣೇ" ಅಂದರು. ಅಡುಗೆಮನೆಯಲ್ಲಿ ನಾದಿನಿ ನನ್ನ ಕೂಗು ಕೇಳದಿರಲಿ ಅಂತ ಪಾತ್ರೆಗಳನ್ನು ಧಡಧಡ ಕುಕ್ಕುತ್ತಿದ್ದಳು. ದಿನಗಳು ಹೀಗೇ ಹೋದವು. ಫಿಸಿಯೋ ಹುಡುಗಿ ಬಂದಾಗಲೆಲ್ಲ ಮಂಡಿಯ ಕೆಳಗೆ ಬೆರಳು ತೂರಿಸಿ ನೋಡಿ, ಏನೂ ಹೇಳದೆ ಟವೆಲ್ ಸುತ್ತುತ್ತಿದ್ದಳು. ಅವಳು ಹೇಳದಿದ್ದದ್ದೇ ನನಗೆ ಹೆಚ್ಚು ಹೆದರಿಕೆ.

ಒಂದು ಬೆಳಿಗ್ಗೆ ಅವರು ಹಾಗೇ ಮುಟ್ಟಿ ಕೈ ತೆಗೆದಾಗ ನನ್ನ ಪಿತ್ತ ನೆತ್ತಿಗೇರಿತು.

"ಗಂಡಸೇನ್ರೀ ನೀವು? ನನ್ನ ರೈಲ್ವೆ ಸ್ಟೇಷನ್ನಲ್ಲಿ ಮರೆತು ಬಿಟ್ಟು, ಗಿರಾಕಿ ಹಾಸಿಗೆ ಮಾತ್ರ ಜೋಪಾನವಾಗಿ ಮನೆಗೆ ತಂದ ಮಹಾಶಯರು!"

ಅವರ ಮುಖ ಕೆಂಪಗಾಯಿತು. "ಆ ಕಥೆ ಈಗ ಯಾಕೆ ತೆಗೀತೀಯ?" ಅಂತ ಗದರಿ ಒತ್ತಿಬಿಟ್ಟರು. ಸರಿಯಾಗಿ ಒತ್ತಿದರು. ನೋವು ನೆತ್ತಿಗೆ ಹೊಡೆಯಿತು. ಅತ್ತರೆ ಬಿಡುತ್ತಾರೆ ಅಂತ ಇನ್ನೂ ಜೋರಾಗಿ ಬೈದೆ. ಅವರು ಬಿಡಲಿಲ್ಲ.

ಅಂದಿನಿಂದ ನಮಗೆ ದಾರಿ ಸಿಕ್ಕಿತು. ನನ್ನ ಅಳು ಅವರ ಕೈ ಕಟ್ಟಿಹಾಕುತ್ತಿತ್ತು, ನನ್ನ ಬೈಗುಳ ಬಿಚ್ಚುತ್ತಿತ್ತು. ಬೈಯುವುದಕ್ಕೇನು ಬರವೇ? ಮದುವೆಗೆ ಬಂದ ನಮ್ಮಣ್ಣನಿಗೆ ಕೂರಲು ಕುರ್ಚಿ ಕೊಡದೇ ಇದ್ದದ್ದು, ಗೊರಕೆ, ತಂಗಿಯನ್ನು ತಲೆಯ ಮೇಲೆ ಕೂರಿಸಿಕೊಂಡದ್ದು, ಹುಳಿಮುಖದ ಅವರ ಚಿಕ್ಕಪ್ಪ. ನೋವು ಎದ್ದಷ್ಟೂ ಬೈಗುಳ ಏರುತ್ತಿತ್ತು. ಪಕ್ಕದ ಮನೆಯವರು, "ಈ ವಯಸ್ಸಲ್ಲಿ ಏನ್ರೀ ಜಗಳ" ಅಂತ ನಾದಿನಿಯನ್ನು ಕೇಳಿದರಂತೆ. "ವ್ಯಾಯಾಮ" ಅಂದಳಂತೆ ಅವಳು. ಸಂದು ಸ್ವಲ್ಪ ಸ್ವಲ್ಪ ಕಿರಿದಾಯಿತು. ಬೆಕ್ಕು ಹೋಗಿ ಅಂಗೈಗೆ ಬಂತು, ಅಂಗೈ ಹೋಗಿ ಬೆರಳಿಗೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಏನು ಮಾಡಿದರೂ ಅದರಾಚೆಗೆ ಹೋಗಲಿಲ್ಲ.

ಫಿಸಿಯೋ ಹುಡುಗಿ ನೆನ್ನೆ ನನ್ನ ಮಂಡಿಯ ಸುತ್ತ ಅದುಮಿ ನೋಡಿದಳು. "ಒಳಗೆ ಗಟ್ಟಿಯಾಗ್ತಾ ಇದೆ ಅಮ್ಮ. ಈ ವಾರ ಎಷ್ಟು ನೆಟ್ಟಗೆ ಬಂದ್ರೆ ಅಷ್ಟೇ" ಅಂದಳು. ನಮ್ಮವರೂ ಅಲ್ಲೇ ನಿಂತಿದ್ದರು. ಮೆಟ್ಟಿಲು ಇಳೀಬಹುದಾ ಅಂತ ಕೇಳಿದರು. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ, ನೋಡೋಣ ಅಂದಳು.

ಇವತ್ತು ಬೆಳಿಗ್ಗೆ ಅವರು ಅಂಗಡಿ ತೆರೆಯಲಿಲ್ಲ. ನೇರ ನನ್ನ ಹತ್ತಿರ ಬಂದು, ಟವೆಲ್ ಇಟ್ಟು, ಎರಡೂ ಕೈಯನ್ನು ಮಂಡಿಯ ಮೇಲೆ ಊರಿದರು. ನಾನು ಶುರುಮಾಡಿದೆ. ಸ್ಟೇಷನ್ನು, ಅಣ್ಣ, ಗೊರಕೆ, ಚಿಕ್ಕಪ್ಪ. ಅವರು ಒತ್ತಿದರು. ಹಿಂದೆಂದೂ ಒತ್ತದಷ್ಟು ಒತ್ತಿದರು. ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಜೀವಮಾನವೆಲ್ಲ ಯಾರಿಗೂ ಏನೂ ಒತ್ತದಿರಲಿ ಅಂತ ಹತ್ತಿ ಬಿಡಿಸಿದ ಕೈಗಳಲ್ಲಿ ನರಗಳು ಉಬ್ಬಿದ್ದವು. ಮೂಗಿನ ತುದಿಯಿಂದ ನೀರು ನನ್ನ ಕಾಲಿನ ಮೇಲೆ ಬಿತ್ತು. ಬೆವರೋ ಕಣ್ಣೀರೋ ತಿಳಿಯಲಿಲ್ಲ. ನಾನು ಸುಮ್ಮನಾದೆ.

ಅವರು ಕಣ್ಣು ತೆರೆಯದೆಯೇ ಹೇಳಿದರು. "ಬೈಯೇ. ನಿಲ್ಲಿಸಬೇಡ. ನೀನು ಸುಮ್ಮನಾದ್ರೆ ನನ್ನ ಕೈ ಓಡಲ್ಲ."

ಕೈ ಸಡಿಲವಾಗುತ್ತಿರುವುದು ನನ್ನ ಮಂಡಿಗೆ ತಿಳಿಯುತ್ತಿತ್ತು. ನಾನು ಬಾಯಿ ತೆರೆದೆ. ಈ ಮನುಷ್ಯನ ಮೇಲೆ ಹೇಳಲು ಒಂದೇ ಒಂದು ತಪ್ಪಿಗಾಗಿ ತಡಕಾಡಿದೆ. ಒಂದೂ ಸಿಗಲಿಲ್ಲ.